ಶಾಂತಿಸಾಗರದಲ್ಲಿ ಮತ್ಸ್ಯವಿನೋದ

ಗಾಳ ಹಾಕಿ ಮೀನು ಹಿಡಿಯುವುದು ಪಾಶ್ಚಾತ್ಯರಿಂದ ಬಂದ ವಿನೋದವೆಂದು ಹಲವರು ಎಣಿಸಿರುವರು. ಅದು ಹಾಗಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವಿದೆ. ಮೀನುಗಳ ಜಾತಿ, ಅವಕ್ಕೆ ಕೊಡತಕ್ಕ ಆಹಾರ, ಗಾಳ ಹಾಕುವ ಕ್ರಮ, ಇವೆಲ್ಲವೂ ಅಲ್ಲಿ ಹೇಳಲ್ಪಟ್ಟಿವೆ.

ಬಸವಾಪಟ್ಟಣಕ್ಕೆ ಸಮೀಪದ ಸೂಳೆಕೆರೆ, ಎಂದರೆ ಶಾಂತಿಸಾಗರವು, ಈ ವಿನೋದಕ್ಕೆ ತಕ್ಕ ತಾಣ. ಗುಡ್ಡಗಳ ನಡುವೆ ಹರಿದ್ರಾ ಹಳ್ಳವನ್ನು ತಡೆದು ಶಾಂತವ್ವೆಯು ಇದನ್ನು ಕಟ್ಟಿಸಿದಳೆಂದು ಐತಿಹ್ಯ. ನೀರಿನ ಹರವು 6,000 ಎಕರೆಗಳಿಗೂ ಮಿಕ್ಕು. ಉತ್ತರದ ಶೀತದೇಶಗಳಲ್ಲಿ ಚಳಿಗಾಲಕ್ಕೆ ಸರೋವರಗಳು ಹೆಪ್ಪುಗಟ್ಟಲು, ಜನರು ಮಂಜುಗಡ್ಡೆಯನ್ನು ಕೊರೆದು ಗಾಳ ಇಳಿಬಿಡುವರು. ಇಲ್ಲಿ ಅಂತಹ ತೊಡಕಿಲ್ಲ.

ಆದರೆ ಹನ್ನೆರಡು ತಿಂಗಳೂ ಹಿಡಿಯುತ್ತಲೇ ಇರುವುದು ವಿಹಿತವಲ್ಲ. ಕಾಟ್ಲಾ, ರೋಹು ಮೀನುಗಳು ಮಳೆಗಾಲದ ಹರಿಯುವ ನೀರಿನಲ್ಲಿ ಮೊಟ್ಟೆಯಿಡುವುವೇ ಹೊರತು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಇಡವು. ಆದುದರಿಂದಲೇ ಕೆರೆಗಳಿಗೆ ಮರಿಗಳನ್ನು ತಂದು ಬಿಡುವರು. ಕೊರವಮೀನಾದರೋ ಕೆರೆಯಲ್ಲಿಯೇ ಮೊಟ್ಟೆಯಿಟ್ಟು ಮರಿಗಳ ಹಿಂಡನ್ನು ಕಾಯುವುದು. ಆಗ ಅದನ್ನು ಹಿಡಿದರೆ ಕಾವಲು ತಪ್ಪಿದ ಮರಿಗಳು ಇತರ ಮೀನುಗಳ ಬಾಯಿಗೆ ಬೀಳುವುವು.

ಹಕ್ಕುಳ್ಳವರ ಅಪ್ಪಣೆ ಪಡೆದು, ಬೇಕಾದಷ್ಟನ್ನೇ ಹಿಡಿದು, ಎಳೆಮೀನನ್ನು ನೀರಿಗೆ ಮರಳಿ ಬಿಟ್ಟು, ಮಳೆಗಾಲದಲ್ಲಿ ಗಾಳವನ್ನು ಮನೆಯಲ್ಲಿಯೇ ಇಡುವುದು ಗೃಹಸ್ಥನಿಗೆ ಭೂಷಣ. ನಮಗೆ ವಿನೋದವಾದದ್ದು ಬೆಸ್ತರಿಗೆ ಅನ್ನವೆಂಬುದನ್ನು ಮರೆಯಲಾಗದು.