ಕಣ್ಣುಗೂಡಿನ ಅಚ್ಚು

ಗುಬ್ಬಿ, ಕುಣಿಗಲ್ ಕಡೆಯ ಹಿರಿಯರು ಹಲ್ಲು ಸೆಟ್ ಮಾಡಿಸಲು ತುಮಕೂರಿನ ಅಗಳಕೋಟೆಯಲ್ಲಿರುವ ಶ್ರೀ ಸಿದ್ಧಾರ್ಥ ದಂತ ಕಾಲೇಜಿನತ್ತ ಹೊರಡುವುದು ಹೊಸದೇನಲ್ಲ. ಹಲ್ಲಿನ ಅಳತೆ ತೆಗೆಯುವ ಪ್ರಾಸ್ತೊಡಾಂಟಿಕ್ಸ್ ವಿದ್ಯೆಯಲ್ಲೇ ಮೂಗು, ಕಿವಿ, ಕಣ್ಣುಗೂಡನ್ನು ಕಟ್ಟಿಕೊಡುವ ಶಾಖೆಯೂ ಒಂದಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕ್ಯಾನ್ಸರ್‌ನಿಂದಲೋ, 2021ರಲ್ಲಿ ಕಾಡಿದ ಕಪ್ಪು ಶಿಲೀಂಧ್ರದಿಂದಲೋ ರೆಪ್ಪೆ ಸಮೇತ ಕಣ್ಣು ಕಳೆದುಕೊಂಡವರಿಗೆ ಬರೀ ಕೃತಕ ಗುಡ್ಡೆ ಸಾಲದು. ಅದನ್ನು ಹಿಡಿದಿಡಲು ರೆಪ್ಪೆಯೇ ಇರುವುದಿಲ್ಲ. ಗುಡ್ಡೆ, ರೆಪ್ಪೆ, ಸುತ್ತಲ ಚರ್ಮವೆಲ್ಲ ಸೇರಿದ ಸಿಲಿಕೋನ್ ಅಂಗ ಬೇಕು.

ಅದು ನಿಲ್ಲುವುದು ಹೇಗೆ? ಹಿಂದೆ ಹೆಚ್ಚಾಗಿ ಅಂಟೇ ಗತಿ. 1884ರಲ್ಲಿ ನಾಟಕ ಕಂಪನಿ ಕಟ್ಟಿದ ಗುಬ್ಬಿಯವರಿಗೆ ಇದನ್ನು ವಿವರಿಸಬೇಕಿಲ್ಲ: ಬೆವರಿಳಿದರೆ ಸ್ಪಿರಿಟ್ ಗಮ್ ಎಂಬ ಅಂಟು ಹಾಕಿದ ವೇಷದ ಮೀಸೆಯ ತುದಿಯೂ ಏಳುತ್ತದೆ. ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ ಅವರು ಟೈಟಾನಿಯಂ ಎಲುಬಿಗೆ ಬೆಸೆದುಕೊಳ್ಳುವುದನ್ನು ಕಂಡು 1965ರಲ್ಲಿ ಹಲ್ಲಿಗೆ ಬಳಸಿದರು; 1970ರ ದಶಕ ಮುಗಿಯುವ ಹೊತ್ತಿಗೆ ಅದು ಮುಖಕ್ಕೂ ಬಂತು. ಈಗ ಕಣ್ಣುಗೂಡಿನ ಅಂಚಿನ ಎಲುಬಿನಲ್ಲಿ 3–4 ಮಿ.ಮೀ. ಉದ್ದದ ಟೈಟಾನಿಯಂ ಇಂಪ್ಲಾಂಟ್ ಕೂರಿಸಿ, ಬೆಸೆಯಲು ಕೆಲವು ತಿಂಗಳು ಬಿಟ್ಟು, ಅಯಸ್ಕಾಂತದಿಂದ ಅಂಗವನ್ನು ಹಿಡಿಸುತ್ತಾರೆ.

ಆ ಅಂಗ ಮಾಡಲು ಮುಖದ ಅಚ್ಚು ತೆಗೆಯುವಾಗ ಶುರುವಾಗುತ್ತದೆ ನಿಜವಾದ ಫಜೀತಿ. ಎಲುಬಿಗೆ ಬೆಸೆದ ಇಂಪ್ಲಾಂಟ್ ಕದಲುವುದಿಲ್ಲ. ಚರ್ಮ ಮುಟ್ಟಿದರೂ ಕದಲುತ್ತದೆ. ಎರಡೂ ಒಂದೇ ಅಚ್ಚಿನಲ್ಲಿ ಸರಿಯಾಗಿ ಮೂಡಬೇಕು. ಮಲಗಿಸಿ ಅಚ್ಚು ತೆಗೆದರೆ ಕೆನ್ನೆಯ ಮಾಂಸ ಹಿಂದಕ್ಕೆ ಜಾರಿರುತ್ತದೆ, ಎದ್ದು ಕೂತಾಗ ಅಂಗದ ಅಂಚು ಬಾಯಿಬಿಡುತ್ತದೆ. ಅದಕ್ಕೇ ನೆಟ್ಟಗೆ ಕೂರಿಸಿ, ಮುಖ ಬಿಗಿಯಬೇಡಿ ಎಂದು ಹೇಳಿ ಕೆಲಸ ಶುರುಮಾಡುವುದು ಒಳ್ಳೆಯದು. ಹುಬ್ಬಿಗೆ ವ್ಯಾಸಲೀನ್ ಸವರುತ್ತಾರೆ. ಗೂಡಿನಿಂದ ಮೂಗಿಗೋ ಸೈನಸ್‌ಗೋ ದಾರಿ ಇದ್ದರೆ ವ್ಯಾಸಲೀನ್ ಹಚ್ಚಿದ ಗಾಜ್ ಬಟ್ಟೆಯಿಂದ ಮುಚ್ಚಲೇಬೇಕು. ಒಳಗೆ ಹೋಗಿ ಗಟ್ಟಿಯಾದ ಅಚ್ಚಿನ ವಸ್ತುವನ್ನು ಹೊರತೆಗೆಯುವುದು ಯಾರಿಗೂ ಬೇಡದ ಕೆಲಸ. ಇಂಪ್ಲಾಂಟ್‌ಗಳ ಮೇಲೆ ಕೋಪಿಂಗ್ ಎಂಬ ಪುಟ್ಟ ಲೋಹದ ತುಂಡುಗಳನ್ನು ತಿರುಪಿನಿಂದ ಬಿಗಿದು, ಅಕ್ರಿಲಿಕ್‌ನಿಂದ ಒಂದಕ್ಕೊಂದು ಕಟ್ಟುತ್ತಾರೆ. ಸುತ್ತ ತೆಳು ಸಿಲಿಕೋನ್ ಸುರಿದು, ಮೇಲೆ ಪ್ಲಾಸ್ಟರಿನ ಆಸರೆ. ಆಸರೆ ಭಾರವಾದರೆ ಚರ್ಮ ಅಮುಕಿಹೋಗುತ್ತದೆ. ಗಟ್ಟಿಯಾದ ಮೇಲೆ ತಿರುಪು ಬಿಚ್ಚಿ ಎತ್ತಿದರೆ ಕೋಪಿಂಗ್‌ಗಳು ಅಚ್ಚಿನೊಳಗೇ ಬರುತ್ತವೆ. ಅವಕ್ಕೆ ನಕಲು ಇಂಪ್ಲಾಂಟ್ ಜೋಡಿಸಿ ಡೆಂಟಲ್ ಸ್ಟೋನ್ ಸುರಿದರೆ ರೋಗಿಯ ಕಣ್ಣುಗೂಡು ಲ್ಯಾಬಿನ ಮೇಜಿಗೆ ಬಂದಂತೆ.

ಮುಂದಿನದು ಕಲಾವಿದನ ಪಾಳಿ. ಇನ್ನೊಂದು ಕಣ್ಣನ್ನು ನೋಡಿಕೊಂಡು ಮೇಣದಲ್ಲಿ ರೆಪ್ಪೆ ತಿದ್ದಿ, ದೃಷ್ಟಿ ಹೊಂದಿಸಿ, ಆ ಮೇಣದ ರೂಪದಿಂದ ಮಾಡಿದ ಎರಕದ ಅಚ್ಚಿಗೆ ಮೈಬಣ್ಣ ಬೆರೆಸಿದ ಸಿಲಿಕೋನ್ ತುಂಬುತ್ತಾರೆ. ಈಗ ಸ್ಕ್ಯಾನರ್, ತ್ರೀಡಿ ಪ್ರಿಂಟರ್ ಬಂದಿವೆ. ಮುಖಕ್ಕೆ ಏನನ್ನೂ ಮೆತ್ತದೆ ಅಳತೆ ಸಿಗುತ್ತದೆ. ಬಣ್ಣ ಹೊಂದಿಸಲು ಮಾತ್ರ ಇಂದಿಗೂ ಪಳಗಿದ ಕಣ್ಣೇ ಬೇಕು.

ಈ ಕಣ್ಣು ನೋಡುವುದಿಲ್ಲ, ಮಿಟುಕುವುದಿಲ್ಲ. ಅಂಚು ಮರೆಯಾಗಲು ದಪ್ಪ ಫ್ರೇಮಿನ ಕನ್ನಡಕ ಒಳ್ಳೆಯದು. ರಾತ್ರಿ ಬಿಚ್ಚಿಡಬೇಕು, ಇಂಪ್ಲಾಂಟ್ ಸುತ್ತ ದಿನವೂ ಶುಚಿ ಮಾಡಬೇಕು. ಬಿಸಿಲು, ಬೆವರಿಗೆ ಒಂದೆರಡು ವರ್ಷದಲ್ಲಿ ಬಣ್ಣ ಮಾಸುತ್ತದೆ. ಹೊಲದಲ್ಲಿ ದುಡಿಯುವವರಿಗೆ ಇನ್ನೂ ಬೇಗ. ಎರಕದ ಅಚ್ಚನ್ನು ಜೋಪಾನವಾಗಿ ಇಟ್ಟಿದ್ದು, ಮುಖ ಬದಲಾಗಿರದಿದ್ದರೆ, ಹೊಸ ಅಂಗಕ್ಕೆ ಮತ್ತೆ ಮುಖದ ಅಚ್ಚು ಕೊಡುವ ಪಾಡು ತಪ್ಪಬಹುದು.