ಓವರ್‌ಗಳ ನಡುವೆ ಮನೆಯೊಳಗೆ ಬರುವವರು

ಕ್ರಿಕೆಟ್ ಪಂದ್ಯವೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಅಜ್ಜನಿಂದ ಹಿಡಿದು ಮೊಮ್ಮಗಳವರೆಗೆ ಎಲ್ಲರೂ ಒಟ್ಟಿಗೆ ಕುಳಿತು ನೋಡುವ ಕಾರ್ಯಕ್ರಮ. ಸಿನಿಮಾ ಅಥವಾ ಧಾರಾವಾಹಿಯಾದರೆ ಇದು ಮಕ್ಕಳಿಗೆ ತಕ್ಕುದೇ ಎಂದು ಹೆತ್ತವರು ಒಮ್ಮೆಯಾದರೂ ಯೋಚಿಸುತ್ತಾರೆ. ಪಂದ್ಯದ ವಿಷಯದಲ್ಲಿ ಆ ಯೋಚನೆಯೇ ಬರುವುದಿಲ್ಲ. ಆದ್ದರಿಂದಲೇ ಆರು ಎಸೆತ ಮುಗಿದು ಮುಂದಿನ ಓವರ್ ಆರಂಭವಾಗುವ ಮೊದಲಿನ ಅಲ್ಪ ಸಮಯದಲ್ಲಿ ತೆರೆಯ ಮೇಲೆ ಏನು ಬರುತ್ತದೆ ಎಂಬುದು ಮುಖ್ಯವಾಗುತ್ತದೆ.

2022ರ ಜೂನ್ ಮೊದಲ ವಾರ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್-ನ್ಯೂಜಿಲೆಂಡ್ ಟೆಸ್ಟ್ ನಡೆಯುತ್ತಿತ್ತು. ಜೋ ರೂಟ್ ಹತ್ತು ಸಾವಿರ ರನ್ ಪೂರೈಸಿದ ಪಂದ್ಯ ಅದು. ಅದರ ನಡುವೆ 'ಲೇಯರ್ ಶಾಟ್' ಎಂಬ ಸುಗಂಧ ದ್ರವ್ಯದ ಜಾಹೀರಾತು ಬಂತು. ಅಂಗಡಿಯಲ್ಲಿ ನಾಲ್ವರು ಯುವಕರು, ಎದುರಿಗೆ ಒಬ್ಬಳು ಹುಡುಗಿ. ತಾವು ನಾಲ್ವರು, ಇರುವುದು ಒಂದೇ ಎಂಬ ಅವರ ಮಾತು ಕೇಳಿ ಆಕೆ ಹೆದರುತ್ತಾಳೆ. ಅವರು ಹೇಳಿದ್ದು ಬಾಟಲಿಯ ಬಗ್ಗೆ ಎಂಬುದೇ 'ತಮಾಷೆ'. ಸಾಮೂಹಿಕ ಅತ್ಯಾಚಾರದ ಭಯವನ್ನು ನಗೆಯ ವಸ್ತುವಾಗಿಸಿದ ಈ ಜಾಹೀರಾತನ್ನು ಮಗಳ ಪಕ್ಕದಲ್ಲಿ ಕುಳಿತು ನೋಡಿದ ತಂದೆಯ ಸ್ಥಿತಿಯನ್ನು ನೀವೇ ಊಹಿಸಿರಿ. ರಿಮೋಟ್ ಕೈಯಲ್ಲಿದ್ದರೂ ಪ್ರಯೋಜನವಿಲ್ಲ. ಏನು ಬರಲಿದೆ ಎಂದು ಮೊದಲೇ ತಿಳಿದರೆ ತಾನೇ ಒತ್ತುವುದು?

ಇಂಥದ್ದು ಹೇಗೆ ಪ್ರಸಾರವಾಗುತ್ತದೆ ಎಂದು ಅನೇಕರು ಕೇಳುತ್ತಾರೆ. ಚಿತ್ರಮಂದಿರದಲ್ಲಿ ತೋರಿಸುವ ಜಾಹೀರಾತಿಗೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. ಟಿ.ವಿ. ಜಾಹೀರಾತಿಗೆ ಸಾಮಾನ್ಯವಾಗಿ ಅಂಥ ಪೂರ್ವಪರಿಶೀಲನೆ ಇಲ್ಲ. ಇರುವುದು 1994ರ ಕೇಬಲ್ ಟೆಲಿವಿಷನ್ ನಿಯಮಗಳು. ಅದರ ಏಳನೆಯ ನಿಯಮ ಅಸಭ್ಯ, ಅಶ್ಲೀಲ, ಸೂಚ್ಯಾರ್ಥದ ಜಾಹೀರಾತುಗಳನ್ನು ವರ್ಜಿಸಬೇಕೆನ್ನುತ್ತದೆ. ಭಾಷೆ ಸ್ಪಷ್ಟವಾಗಿಯೇ ಇದೆ. ಆದರೆ ಅದನ್ನು ಅನ್ವಯಿಸುವುದು ಪ್ರಸಾರವಾದ ಮೇಲೆ, ಯಾರಾದರೂ ದೂರು ಕೊಟ್ಟ ಮೇಲೆ.

ಮದ್ಯ ಮತ್ತು ತಂಬಾಕಿನದು ಬೇರೆಯೇ ಕಥೆ. ಇವುಗಳ ಜಾಹೀರಾತನ್ನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ತೋರಿಸಕೂಡದೆಂದು ಅದೇ ನಿಯಮ ಹೇಳುತ್ತದೆ. ಆದರೂ ಅದೇ ಹೆಸರು, ಅದೇ ಬಣ್ಣ ಹೊತ್ತು ಸೋಡಾ, ಗ್ಲಾಸು, ಏಲಕ್ಕಿ ಬರುತ್ತವೆ. ಒಂದು ಪೊಟ್ಟಣ ಏಲಕ್ಕಿ ಮಾರಲು ಅಷ್ಟು ದೊಡ್ಡ ಸಿನಿಮಾ ತಾರೆಯರು ಬೇಕೇ? ನಮ್ಮ ಬೆಂಗಳೂರು ತಂಡದ ಹೆಸರೇ ಒಂದು ವಿಸ್ಕಿಯ ಹೆಸರಿನಿಂದ ಹುಟ್ಟಿದ್ದು ಎಂಬುದನ್ನು ಅಂಗಿ ತೊಟ್ಟು ಕುಣಿಯುವ ಮಕ್ಕಳು ಅರಿಯರು. ಇಂಥ ಬದಲಿ ಜಾಹೀರಾತುಗಳನ್ನು ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ 2022ರ ಜೂನ್‌ನಲ್ಲಿ ನಿಷೇಧಿಸಿತು. ಹಾಗಿದ್ದೂ 2025ರ ಮಾರ್ಚ್‌ನಲ್ಲಿ, ಪಂದ್ಯಾವಳಿಗೆ ಮುನ್ನ, ಅವುಗಳನ್ನು ನಿಲ್ಲಿಸುವಂತೆ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಐ.ಪಿ.ಎಲ್. ಅಧ್ಯಕ್ಷರಿಗೆ ಪತ್ರ ಬರೆಯಬೇಕಾಯಿತು. ಹಣ ಕಟ್ಟಿ ತಂಡ ಕಟ್ಟುವ ಆ್ಯಪ್‌ಗಳ ಜಾಹೀರಾತಿಗೆ ಕಡಿವಾಣ ಬಿದ್ದದ್ದು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯಿದೆ ಮಾಡಿದ ಮೇಲೆಯೇ.

ಲಾರ್ಡ್ಸ್ ಪಂದ್ಯದ ಜಾಹೀರಾತಿಗೆ ಏನಾಯಿತು? ನೋಡಿದವರು ಸುಮ್ಮನಿರಲಿಲ್ಲ. 1985ರಲ್ಲಿ ಸ್ಥಾಪನೆಯಾದ ಜಾಹೀರಾತು ಗುಣಮಟ್ಟ ಮಂಡಳಿ, ಅಂದರೆ ಆಸ್ಕಿ, ಸಾಮಾನ್ಯವಾಗಿ ಕಂಪನಿಯ ಉತ್ತರ ಕೇಳಿದ ಮೇಲೆ ತೀರ್ಪು ಕೊಡುತ್ತದೆ. ಈ ಬಾರಿ ವಿಚಾರಣೆಗೆ ಮೊದಲೇ ತಡೆ ಹಾಕಿತು. ಜೂನ್ 4ರಂದು ಪ್ರಸಾರ ಸಚಿವಾಲಯ ಟ್ವಿಟರ್ ಮತ್ತು ಯೂಟ್ಯೂಬ್‌ನಿಂದಲೂ ಅದನ್ನು ತೆಗೆಯಲು ಹೇಳಿತು. ಎರಡು ದಿನಗಳಲ್ಲಿ ಕಂಪನಿ ಕ್ಷಮೆ ಕೇಳಿತು, ಅಗತ್ಯ ಅನುಮತಿಗಳನ್ನು ಪಡೆದೇ ಪ್ರಸಾರ ಮಾಡಿದ್ದೆವು ಎಂಬ ಮಾತನ್ನೂ ಸೇರಿಸಿ!

ದೂರು ಕೊಡಲು ವಕೀಲರು ಬೇಕಿಲ್ಲ. ಆಸ್ಕಿಯ ಜಾಲತಾಣದಲ್ಲಿ ಯಾರೂ ದೂರು ಸಲ್ಲಿಸಬಹುದು. ವಾಹಿನಿಯ ಹೆಸರು, ದಿನಾಂಕ, ಸಮಯ, ಯಾವ ಪಂದ್ಯ, ಜಾಹೀರಾತಿನಲ್ಲಿ ಕಂಡದ್ದೇನು ಎಂಬುದನ್ನು ಮರೆಯುವ ಮುನ್ನ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಆಗುವುದಾದರೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಿರಿ. ಬರೆಯುವಾಗ ಬರೀ ಕೋಪ ತೋಡಿಕೊಳ್ಳುವ ಬದಲು ಏಳನೆಯ ನಿಯಮವನ್ನು ಹೆಸರಿಸಿರಿ.