ಮೋಡುಸ್ ವಿವೆಂಡಿ: ಒಪ್ಪದೆಯೂ ಒಟ್ಟಿಗೆ ಬಾಳುವ ಬಗೆ

ಜರ್ಮನ್ ಪತ್ರಿಕೆ ಓದುವ ಅಭ್ಯಾಸ ಮಾಡಿಕೊಂಡವರಿಗೆ ‘ಮೋಡುಸ್ ವಿವೆಂಡಿ’ ಅನ್ನೋ ಲ್ಯಾಟಿನ್ ಮಾತು ಆಗಾಗ ಕಣ್ಣಿಗೆ ಬೀಳುತ್ತೆ. ಮೋಡುಸ್ ಅಂದರೆ ರೀತಿ; ಎರಡೂ ಸೇರಿದರೆ ‘ಬದುಕುವ ರೀತಿ’. ಎರಡು ಪಕ್ಷಗಳ ನಡುವೆ ಮೂಲ ಜಗಳ ಹಾಗೇ ಉಳಿದಿದ್ದರೂ ದಿನದ ಬದುಕು ನಡೆಯಲಿ ಅಂತ ಮಾಡಿಕೊಳ್ಳುವ ಏರ್ಪಾಟಿಗೆ ಈ ಹೆಸರು. ನಾವು ಓದಲು ಬಂದಿರುವ ಈ ದೇಶದ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆ ಉದಾಹರಣೆಗಳಿವೆ.

ಡ್ರೆಸ್ಡೆನ್‌ನಿಂದ ಪೂರ್ವಕ್ಕೆ ರೈಲು ಹಿಡಿದರೆ ಬೌಟ್ಸೆನ್ ಸಿಗುತ್ತೆ. ಅಲ್ಲಿನ ಸಂತ ಪೀಟರ್ ಚರ್ಚಿನ ಒಳಗೆ ನಡುವೆ ಒಂದು ಅಡ್ಡಕಟ್ಟೆ ಇದೆ. ಬಲಿಪೀಠದ ಕಡೆಯ ಭಾಗ ಕ್ಯಾಥೋಲಿಕರದ್ದು, ಜನ ಕೂರುವ ದೊಡ್ಡ ಹಜಾರ ಪ್ರಾಟೆಸ್ಟೆಂಟರದ್ದು. ಆರ್ಗನ್ ವಾದ್ಯವೂ ಎರಡು. 1520ರ ದಶಕದಲ್ಲಿ ಲೂಥರನ ವಿಚಾರ ಹಬ್ಬಿದಾಗ ಊರಿನ ಹೆಚ್ಚಿನವರು ಹೊಸ ಪಂಥಕ್ಕೆ ಹೋದರು, ಚರ್ಚಿನ ಪಾದ್ರಿಗಳ ಮಂಡಳಿ ಹಳೆಯದರಲ್ಲೇ ಉಳಿಯಿತು. ಚರ್ಚು ಮಾತ್ರ ಒಂದೇ! ಯಾರು ಎಲ್ಲಿ, ಯಾವ ಹೊತ್ತಿಗೆ ಅನ್ನೋದನ್ನ ಒಪ್ಪಂದ ಮಾಡಿಕೊಂಡರು. ದೇವರ ಬಗೆಗಿನ ವಾದ ಅಲ್ಲಿ ಬಗೆಹರಿಯಲಿಲ್ಲ, ಗಂಟೆಯ ವಾದ ಬಗೆಹರಿಯಿತು. ಹೀಗೆ ಹಂಚಿಕೊಂಡ ಚರ್ಚನ್ನು ಜರ್ಮನ್ನರು ‘ಸಿಮುಲ್ಟಾನ್‌ಕಿರ್ಶೆ’ ಅಂತಾರೆ. ಒಂದು ಕಾಲದಲ್ಲಿ ಆಳೆತ್ತರ ಮೀರಿದ್ದ ಆ ಅಡ್ಡಕಟ್ಟೆ ಈಗ ಸೊಂಟದೆತ್ತರಕ್ಕೆ ಇಳಿದಿದೆ.

ಎಲ್ಲ ಏರ್ಪಾಟೂ ಹೀಗೆ ಬಾಳಲಿಲ್ಲ. 1555ರ ಆಗ್ಸ್‌ಬುರ್ಗ್ ಶಾಂತಿ ಒಪ್ಪಂದದ ಪ್ರಕಾರ ಒಂದು ಸೀಮೆಯ ದೊರೆಯ ಮತವೇ ಪ್ರಜೆಗಳ ಮತ. ಒಗ್ಗದವರು ಆಸ್ತಿ ಮಾರಿ ಬೇರೆ ಕಡೆ ಹೋಗಬಹುದಿತ್ತು. ಆದರೆ ಕ್ಯಾಲ್ವಿನ್ ಪಂಥದವರಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಆ ಪಂಥ ಆಮೇಲೆ ಬೆಳೀತು, ಹಳೇ ಒಪ್ಪಂದ ಸಾಲದಾಯಿತು. 1618ರಲ್ಲಿ ಶುರುವಾದ ಮೂವತ್ತು ವರ್ಷಗಳ ಯುದ್ಧಕ್ಕೆ ಇದೂ ಒಂದು ಕಾರಣ. 1648ರ ವೆಸ್ಟ್‌ಫಾಲಿಯಾ ಒಪ್ಪಂದದಲ್ಲಿ ಕೊನೆಗೂ ಅವರಿಗೆ ಸ್ಥಾನ ಸಿಕ್ಕಿತು.

ನಮ್ಮ ಅಪ್ಪ ಅಮ್ಮಂದಿರ ಕಾಲಕ್ಕೆ ಬಂದರೆ, ಎರಡು ಜರ್ಮನಿಗಳು 1972ರ ಡಿಸೆಂಬರ್‌ನಲ್ಲಿ ಮೂಲ ಒಪ್ಪಂದಕ್ಕೆ ಸಹಿ ಹಾಕಿದವು. ಪೂರ್ವ ಜರ್ಮನಿಯನ್ನು ಪರದೇಶ ಅಂತ ಒಪ್ಪಲು ಪಶ್ಚಿಮ ತಯಾರಿರಲಿಲ್ಲ. ಹಾಗಾಗಿ ರಾಯಭಾರ ಕಚೇರಿ ಬದಲು ‘ಖಾಯಂ ಪ್ರತಿನಿಧಿ ಕಚೇರಿ’ ತೆರೆದರು. ಹೆಸರಿನ ಜಗಳ ಪಕ್ಕಕ್ಕಿಟ್ಟರು, ಕೆಲಸ ನಡೀತು.

ಇದೇನು ಯೂರೋಪಿನವರ ಜಾಣತನ ಮಾತ್ರ ಅಂದುಕೊಳ್ಳಬೇಡಿ. ಶ್ರವಣಬೆಳಗೊಳದಲ್ಲಿ 1368ರ ಒಂದು ಕನ್ನಡ ಶಾಸನ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ, ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರು ಕೊಟ್ಟರು. ರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ಆದರೆ ಅಷ್ಟಕ್ಕೇ ಬಿಡಲಿಲ್ಲ. ಜೈನರಿಗೆ ಪಂಚಮಹಾವಾದ್ಯ ಮತ್ತು ಕಲಶ ಹಿಂದಿನಂತೆಯೇ ಸಲ್ಲಬೇಕು. ಜೈನರು ಮನೆಗೊಂದು ಹಣ ಕೂಡಿಸಬೇಕು. ಅದರಿಂದ ಬೆಳಗೊಳದ ದೇವರಿಗೆ 20 ಕಾವಲುಗಾರರನ್ನು ವೈಷ್ಣವರ ಕಡೆಯವರೇ ನೇಮಿಸಬೇಕು. ಉಳಿದ ಹಣದಲ್ಲಿ ಬಸದಿಗಳ ಜೀರ್ಣೋದ್ಧಾರ ಆಗಬೇಕು ಅಂತ ಕಲ್ಲಿನಲ್ಲೇ ಬರೆಸಿದರು. ಕೈ ಹಿಡಿಸಿದ್ದು ಒಂದು ಗಳಿಗೆಯ ಮಾತು, ವರ್ಷ ವರ್ಷ ನಡೆಯಬೇಕಾದದ್ದು ಆ ಲೆಕ್ಕಾಚಾರ.

ಇಲ್ಲಿ ‘ವೇಗೇ’ ಅಂತ ಕರೆಯುವ ಹಂಚಿಕೆ ಮನೆಗಳಲ್ಲಿರುವ ನಮಗೆ ಇದು ದೂರದ ವಿಷಯ ಅಲ್ಲ. ಮಾಂಸ ಬೇಯಿಸುವ ಪಾತ್ರೆ, ಒಗ್ಗರಣೆ ಘಾಟು, ರಾತ್ರಿ ಹತ್ತರ ನಂತರದ ಫೋನ್ ಮಾತು, ಯಾವುದರಿಂದ ಬೇಕಾದರೂ ಮನಸ್ತಾಪ ಬರಬಹುದು. ಆಗ ‘ಅಡ್ಜಸ್ಟ್ ಮಾಡ್ಕೊಳ್ಳೋಣ’ ಅಂತೀವಿ. ಯಾರು, ಎಷ್ಟು, ಎಲ್ಲೀವರೆಗೆ ಅಂತ ಹೇಳಲ್ಲ. ಕೊನೆಗೆ ಮೆತ್ತಗಿರುವವರೇ ಎಲ್ಲಾ ಅಡ್ಜಸ್ಟ್ ಮಾಡ್ಕೋತಾರೆ. ಅದರ ಬದಲು ಯಾವ ಬಾಣಲೆ ಯಾರದ್ದು, ಅಡುಗೆಮನೆ ಎಷ್ಟು ಹೊತ್ತಿನವರೆಗೆ ಅಂತ ಫ್ರಿಜ್ ಮೇಲೆ ಬರೆದು ಅಂಟಿಸುವುದೇ ವಾಸಿ. ಯಾರೂ ತಮ್ಮ ನಂಬಿಕೆ ಬಿಡಬೇಕಾಗಿಲ್ಲ. ಆರು ತಿಂಗಳಿಗೆ ಅಂತ ಹೊಸಬರು ಯಾರಾದರೂ ಬಂದರೆ ಮಾತ್ರ ಆ ಚೀಟಿ ತೆಗೆದು, ಅವರನ್ನೂ ಕೂರಿಸಿಕೊಂಡು ಇನ್ನೊಮ್ಮೆ ಬರೆಯಬೇಕು. ಆಗ್ಸ್‌ಬುರ್ಗ್‌ನಲ್ಲಿ ಬಿಟ್ಟುಹೋದದ್ದು ಅದೇ.